ಸೀಟು ಹಿಡಿದ ದಿನವೇ ಸ್ಕಾಲರ್‌ಶಿಪ್ಪಿನ ಲೆಕ್ಕ

“ಎಷ್ಟ ರೊಕ್ಕ ಬರ್ತೈತ್ರಿ ಅಕ್ಕಾರ?”

ಮಗಳನ್ನು ಹಿಂದೆ ನಿಲ್ಲಿಸಿಕೊಂಡು, ಮಾರ್ಕ್ಸ್ ಕಾರ್ಡುಗಳ ಫೈಲನ್ನು ಕೌಂಟರಿನ ಮೇಲಿಟ್ಟು, ನಮ್ಮ ಅಂಗಡಿಯಲ್ಲಿ ಅಪ್ಪಂದಿರು ಕೇಳುವ ಮೊದಲ ಮಾತು ಇದು. ನಾನು ತಿರುಗಿ ಕೇಳುವುದೂ ಪ್ರತಿ ಸಲ ಒಂದೇ: “ಸೀಟ್ ಹ್ಯಾಂಗ ಸಿಕ್ಕೈತ್ರಿ?” ಈ ಪ್ರಶ್ನೆ ಬಹಳ ಮಂದಿಗೆ ಹಿಡಿಸುವುದಿಲ್ಲ. ಸೀಟು ಸಿಕ್ಕಾಗಿದೆ, ಅಡ್ವಾನ್ಸ್ ಕಟ್ಟಿಯಾಗಿದೆ, ಈಗ ಅದನ್ನೇಕೆ ಕೆದಕಬೇಕು ಎಂಬಂತೆ ಮುಖ ಮಾಡುತ್ತಾರೆ. ಕೆದಕದೆ ಗತ್ಯಂತರವಿಲ್ಲ. ನರ್ಸಿಂಗ್ ಇರಲಿ, ಲ್ಯಾಬ್ ಟೆಕ್ನಿಷಿಯನ್, ಎಕ್ಸ್‌ರೇ, ಡಯಾಲಿಸಿಸ್ ಇರಲಿ, ಸರ್ಕಾರದಿಂದ ಎಷ್ಟು ನೆರವು ಬರುತ್ತದೆ ಎಂಬುದರ ಮುಕ್ಕಾಲು ಪಾಲು ಕಾಲೇಜಿನ ಆಫೀಸಿನಲ್ಲಿ ಸೀಟು ಹಿಡಿದ ದಿನವೇ ತೀರ್ಮಾನವಾಗಿರುತ್ತದೆ. ಆಮೇಲೆ ನನ್ನ ಕಂಪ್ಯೂಟರಿನ ಮುಂದೆ ಆಗುವುದು ಬರೀ ಅರ್ಜಿ ತುಂಬುವ ಕೆಲಸ.

ನಮ್ಮದು ಮಮದಾಪುರ. ಗೋಳಗುಮ್ಮಟ ಕಟ್ಟಿಸಿದ ಮಹಮ್ಮದ್ ಆದಿಲ್‌ಶಾಹನೇ ಇಲ್ಲಿನ ದೊಡ್ಡ ಕೆರೆಯನ್ನೂ ಕಟ್ಟಿಸಿದ, ಊರಿಗೆ ಹೆಸರು ಬಂದದ್ದೂ ಅವನಿಂದಲೇ ಎನ್ನುತ್ತಾರೆ. ಬಬಲೇಶ್ವರ, ತಿಕೋಟಾ ಹೊಸ ತಾಲ್ಲೂಕುಗಳಾದಾಗ ನಾವು ಬಬಲೇಶ್ವರಕ್ಕೆ ಸೇರಿದೆವು. ಹೀಗಾಗಿ ನನ್ನ ಕೈಗೆ ಬರುವ ಹಳೆಯ ದಾಖಲೆಗಳಲ್ಲಿ ತಾಲ್ಲೂಕು ಬಿಜಾಪುರ, ಜಿಲ್ಲೆಯೂ ಬಿಜಾಪುರ; ಹೊಸದರಲ್ಲಿ ತಾಲ್ಲೂಕು ಬಬಲೇಶ್ವರ, ಜಿಲ್ಲೆ ವಿಜಯಪುರ. ಝೆರಾಕ್ಸ್, ಉತಾರ, ಪ್ಯಾನ್ ಕಾರ್ಡು, ಸ್ಕಾಲರ್‌ಶಿಪ್ಪು ಎಲ್ಲ ಮಾಡಿಕೊಡುವ ಸಣ್ಣ ಅಂಗಡಿ ನಮ್ಮದು. ನಮ್ಮ ಮನೆಯವರು ಹೊಲ ನೋಡಿಕೊಳ್ಳುತ್ತಾರೆ, ಕಂಪ್ಯೂಟರು ನನ್ನದು. ಕೂತವಳು ಹೆಂಗಸು ಎಂದು ಹುಡುಗಿಯರು ಅಪ್ಪನೆದುರು ಆಡದ ಮಾತನ್ನೂ ನನ್ನ ಹತ್ತಿರ ಆಡುತ್ತಾರೆ. ಹೆಚ್ಚಿನವು ರೊಕ್ಕದ ಮಾತೇ.

ಬಿಎಸ್ಸಿ ನರ್ಸಿಂಗ್ 4 ವರ್ಷದ ಪದವಿ. ಪಿಯುಸಿಯಲ್ಲಿ ಫಿಜಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಓದಿರಬೇಕು, ಶೇ 45 ಅಂಕ ಇರಬೇಕು. ಪರಿಶಿಷ್ಟರಿಗೆ ಶೇ 40 ಸಾಕು. 2023ರಿಂದ ನಮ್ಮ ರಾಜ್ಯದಲ್ಲಿ ಇದರ ಸರ್ಕಾರಿ ಕೋಟಾದ ಸೀಟು ಹಂಚುವುದು ಕರ್ನಾಟಕ ಪರೀಕ್ಷಾ ಪ್ರಾಧಿಕಾರ, ಅಂದರೆ ಕೆಇಎ. ಅದಕ್ಕೆ ಸಿಇಟಿ ಬರೆದಿರಬೇಕು. ನಮ್ಮ ಹಳ್ಳಿಗಳ ಮಕ್ಕಳು ಎಡವುವುದು ಇಲ್ಲೇ. ಸಿಇಟಿಗೆ ಅರ್ಜಿ ಕರೆಯುವುದು ಪಿಯು ಪರೀಕ್ಷೆಗೂ ಮುಂಚೆ, ಜನವರಿ, ಫೆಬ್ರುವರಿಯ ಹೊತ್ತಿಗೆ. ಅದು ಬಿಳಿಜೋಳದ ಸುಗ್ಗಿ, ದ್ರಾಕ್ಷಿ ತೋಟವಿದ್ದವರಿಗೆ ಕೊಯ್ಲು. ಮನೆಯಲ್ಲಿ ಯಾರಿಗೂ ಪುರುಸೊತ್ತಿರುವುದಿಲ್ಲ. “ಸಿಇಟಿ ಅಂದ್ರ ಇಂಜಿನಿಯರಿಂಗ್‌ದವ್ರಿಗೆ, ನಮ್ಮಾಕಿ ನರ್ಸಿಂಗ್ ಮಾಡಾಕಿ” ಎಂಬ ನಂಬಿಕೆ ಬೇರೆ. ಪರೀಕ್ಷೆ ಮುಗಿದು, ರಿಸಲ್ಟ್ ಬಂದು, ಜೂನ್‌ನಲ್ಲಿ ನನ್ನ ಹತ್ತಿರ ಬಂದಾಗ ಆ ಬಾಗಿಲು ಮುಚ್ಚಿರುತ್ತದೆ. ಉಳಿಯುವುದು ಮ್ಯಾನೇಜ್‌ಮೆಂಟ್ ಸೀಟು.

ಸಿಇಟಿ ದಾರಿಯಲ್ಲಿ ಹೋದವರಿಗೆ ಸೀಟಿನ ಜೊತೆ ಇನ್ನೂ ಎರಡು ಅನುಕೂಲಗಳಿವೆ. 1ರಿಂದ 10ನೇ ತರಗತಿವರೆಗೆ ಹಳ್ಳಿಯಲ್ಲಿ ಓದಿದವರಿಗೆ ಗ್ರಾಮೀಣ ಕೋಟಾ ಶೇ 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ 5. ನಮ್ಮೂರ ಸರ್ಕಾರಿ ಶಾಲೆಯ ಹುಡುಗಿಗೆ ಎರಡಕ್ಕೂ ಹಕ್ಕಿದೆ. ಆದರೆ ಶಾಲೆಯ ಹೆಡ್‌ಮಾಸ್ತರರ ಸಹಿ, ಬಿಇಒ ಸಹಿ ಹಾಕಿಸಿಕೊಂಡು ಪ್ರಮಾಣಪತ್ರವನ್ನು ಮೊದಲೇ ಕೈಯಲ್ಲಿಟ್ಟುಕೊಂಡಿರಬೇಕು. ಇನ್ನೊಂದು ಮಾತು. ನಮ್ಮ ಜಿಲ್ಲೆಯಲ್ಲಿ ಓಡಾಡುವ ಬಸ್ಸಿನ ಮೇಲೆ ‘ಕಲ್ಯಾಣ ಕರ್ನಾಟಕ’ ಎಂದು ಬರೆದಿರುವುದನ್ನು ನೋಡಿ 371(ಜೆ) ಮೀಸಲಾತಿ ನಮಗೂ ಉಂಟು ಎಂದುಕೊಂಡು ಬರುವವರಿದ್ದಾರೆ. ಇಲ್ಲ. ಭೀಮೆಯ ಆಚೆಗಿನ ಕಲಬುರಗಿಗೆ ಉಂಟು, ವಿಜಯಪುರಕ್ಕಿಲ್ಲ. ಬಸ್ಸು ಮಾತ್ರ ಅವರದೇ ನಿಗಮದ್ದು.

ಮ್ಯಾನೇಜ್‌ಮೆಂಟ್ ಸೀಟು ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಅದರಿಂದಲೇ ಓದಿ ನೌಕರಿ ಹಿಡಿದವರು ಸುತ್ತಮುತ್ತ ಇದ್ದಾರೆ. ಆದರೆ ಅಲ್ಲಿ ಕೊಟ್ಟ ಪೂರ್ತಿ ಶುಲ್ಕವನ್ನು ಯಾವ ಇಲಾಖೆಯೂ ತಿರುಗಿ ಕೊಡುವುದಿಲ್ಲ. ಕೊಟ್ಟರೂ ಸರ್ಕಾರ ಗೊತ್ತು ಮಾಡಿದ ದರದ ಲೆಕ್ಕಕ್ಕೆ ಕೊಟ್ಟೀತು. ಈ ಮಾತನ್ನು ಏಜೆಂಟರು ಹೇಳುವುದಿಲ್ಲ. ಊರೂರಿಗೆ ಬಂದು, “ಸ್ಕಾಲರ್‌ಶಿಪ್ ಎಲ್ಲಾ ನಾವೇ ಮಾಡಸ್ತೀವಿ, ಮೊದಲನೇ ವರ್ಷದ್ದಷ್ಟ ಕಟ್ರಿ” ಎನ್ನುತ್ತಾರೆ. ಹಾಗೆ ದೂರದ ಒಂದು ಶಹರಕ್ಕೆ ಹೋದ ನಮ್ಮೂರ ಹುಡುಗಿಯೊಬ್ಬಳ ಕಾಗದಪತ್ರ ನಾನೇ ನೋಡಿದ್ದೇನೆ. ರಸೀದಿಯಲ್ಲಿ ಬರೆದ ಮೊತ್ತ ಒಂದು, ಮನೆಯವರು ಕೊಟ್ಟದ್ದು ಇನ್ನೊಂದು. ಸ್ಕಾಲರ್‌ಶಿಪ್ಪಿಗೆ ಲೆಕ್ಕ ಹಿಡಿಯುವುದು ರಸೀದಿಯನ್ನು. ಎರಡನೇ ವರ್ಷ ಬಾಕಿ ಉಳಿದಾಗ ಕಾಲೇಜಿನವರು ಅಸಲು ಮಾರ್ಕ್ಸ್ ಕಾರ್ಡು ಇಟ್ಟುಕೊಂಡರು. ಬೇರೆ ಕಡೆ ಸೇರೋಣವೆಂದರೆ ಕೈಯಲ್ಲಿ ಕಾಗದವೇ ಇಲ್ಲ. ಅದಕ್ಕೇ ಈಗ ಯಾರೇ ಬರಲಿ, ಅಸಲು ಕೊಡುವ ಮುಂಚೆ ಎರಡು ಸೆಟ್ ಝೆರಾಕ್ಸ್ ಮಾಡಿಸಿ, ಕೊಟ್ಟಿದ್ದಕ್ಕೆ ಕಾಲೇಜಿನ ಸಹಿ ತಗೊಂಡು ಬನ್ನಿ ಎನ್ನುತ್ತೇನೆ.

ಇನ್ನು ರೊಕ್ಕ ಬರುವ ದಾರಿ. ರಾಜ್ಯದ ಹೆಚ್ಚಿನ ವಿದ್ಯಾರ್ಥಿವೇತನಗಳಿಗೆ ಈಗ ಎಸ್‌ಎಸ್‌ಪಿ ಎಂಬ ಒಂದೇ ಪೋರ್ಟಲ್. ಸಮಾಜ ಕಲ್ಯಾಣ, ಪರಿಶಿಷ್ಟ ಪಂಗಡ, ಹಿಂದುಳಿದ ವರ್ಗ, ಅಲ್ಪಸಂಖ್ಯಾತರ ಇಲಾಖೆ ಎಲ್ಲ ಅದರೊಳಗೇ ಇವೆ. ಜಾತಿ, ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರು, ಆಧಾರ್, ಕಾಲೇಜಿನ ವಿವರ ಹಾಕಿದರೆ ಅರ್ಜಿ ತಾನಾಗಿ ಸಂಬಂಧಪಟ್ಟ ಇಲಾಖೆಗೆ ಹೋಗುತ್ತದೆ. ಕಾಲೇಜಿನವರು ವ್ಯಾಸಂಗ ಪ್ರಮಾಣಪತ್ರ, ಶುಲ್ಕದ ರಸೀದಿಗಳನ್ನು ಇ-ದೃಢೀಕರಣ ಮಾಡಿ ನಂಬರು ಕೊಡಬೇಕು. ಆ ನಂಬರಿಲ್ಲದೆ ಅರ್ಜಿ ಮುಂದೆ ಸರಿಯದು. ಕಾಲೇಜಿನಲ್ಲಿ ಆ ಕೆಲಸ ಮಾಡುವ ಗುಮಾಸ್ತರು ರಜೆ ಹೋದರೆ ಇಡೀ ಬ್ಯಾಚು ಕಾಯುತ್ತದೆ. ಯಾವ ದೊಡ್ಡ ಅಧಿಕಾರಿಗಿಂತಲೂ ಅವರ ಫೋನ್ ನಂಬರು ಮುಖ್ಯವೆಂದು ಹುಡುಗಿಯರಿಗೆ ಹೇಳಿಕೊಡುತ್ತೇನೆ.

ಪರಿಶಿಷ್ಟ ಜಾತಿಯ ಪೋಸ್ಟ್ ಮೆಟ್ರಿಕ್ ನೆರವಿಗೆ ಕುಟುಂಬದ ವಾರ್ಷಿಕ ಆದಾಯ 2.5 ಲಕ್ಷ ರೂಪಾಯಿ ಮೀರಬಾರದು. ಶುಲ್ಕದ ಜೊತೆಗೆ ಖರ್ಚಿಗೆಂದು ಒಂದು ಭತ್ಯೆ ಇದೆ. ನರ್ಸಿಂಗ್, ಪ್ಯಾರಾಮೆಡಿಕಲ್ ಬರುವ ಗುಂಪಿನಲ್ಲಿ ಹಾಸ್ಟೆಲಿನಲ್ಲಿರುವವರಿಗೆ ವರ್ಷಕ್ಕೆ 9,500 ರೂಪಾಯಿ, ಮನೆಯಿಂದ ಓಡಾಡುವವರಿಗೆ 6,500. ಇದರಲ್ಲಿ ಕೇಂದ್ರದ ಪಾಲು ಶೇ 60, ರಾಜ್ಯದ್ದು ಶೇ 40. 2021-22ರಿಂದ ಈ ಎರಡು ಪಾಲು ಬೇರೆ ಬೇರೆಯಾಗಿ, ನೇರ ವಿದ್ಯಾರ್ಥಿಯ ಖಾತೆಗೇ ಬರುತ್ತಿವೆ. ಮೊದಲು ರಾಜ್ಯ ತನ್ನದನ್ನು ಹಾಕಬೇಕು, ಆಮೇಲೆ ಕೇಂದ್ರ ತನ್ನದನ್ನು ಹಾಕುತ್ತದೆ.

ಇದರಿಂದ ಮನೆಗಳಲ್ಲಿ ಆಗುವ ಗದ್ದಲ ಬೆಂಗಳೂರು, ದಿಲ್ಲಿಯವರಿಗೆ ಗೊತ್ತಿರಲಿಕ್ಕಿಲ್ಲ. ಒಂದು ಮಧ್ಯಾಹ್ನ ಒಬ್ಬಳ ಅವ್ವ ಸೆರಗಿನಲ್ಲಿ ಸುತ್ತಿದ ಮೊಬೈಲು ತಂದು ನನ್ನ ಮುಂದೆ ಹಿಡಿದರು. “ಇಷ್ಟ ಬಂದೈತಿ ನೋಡ್ರಿ ಅಕ್ಕಾರ, ಉಳಿದದ್ದ ಯಾರ್ ತಿಂದ್ರು?” ಡಿಬಿಟಿ ಕರ್ನಾಟಕ ಆ್ಯಪ್ ತೆಗೆದು ನೋಡಿದೆ. ರಾಜ್ಯದ ಪಾಲು ಬಂದಿತ್ತು, ಕೇಂದ್ರದ್ದು ಬಂದಿರಲಿಲ್ಲ. ಯಾರೂ ತಿಂದಿಲ್ಲ ಯವ್ವಾ, ಇದು ಅರ್ಧಕ್ಕಿಂತ ಕಡಿಮೆ ಪಾಲು, ಇನ್ನೊಂದು ಬರಬೇಕು ಎಂದು ತಿಳಿಹೇಳುವಷ್ಟರಲ್ಲಿ ಆಕೆ ಇನ್ನೊಂದು ಮಾತು ಸೇರಿಸಿದರು: “ಇದನ್ನ ಸಂಘಕ್ಕ ಕಟ್ಟಿಬಿಟ್ಟೀನ್ರಿ.” ನಿಯಮದ ಪ್ರಕಾರ ಖಾತೆಗೆ ಬಂದ ಶುಲ್ಕದ ಹಣವನ್ನು ಏಳು ದಿನದೊಳಗೆ ಕಾಲೇಜಿಗೆ ಕಟ್ಟಬೇಕು. ಆದರೆ ಮೊದಲನೇ ಕಂತು ಕಟ್ಟಲು ಸಂಘದಲ್ಲಿ ತೆಗೆದ ಸಾಲವೂ ಮಗಳ ಶುಲ್ಕಕ್ಕೇ ಹೋಗಿತ್ತು. ಆಕೆಯ ಲೆಕ್ಕದಲ್ಲಿ ತಪ್ಪಿಲ್ಲ. ಕಾಗದದ ಮೇಲೆ ಮಾತ್ರ ಅದು ತಪ್ಪಾಗಿ ಕಾಣುತ್ತದೆ.

ನನಗೆ ದೊಡ್ಡ ತೊಡಕಾಗಿ ಕಾಣುವುದೂ ಇದೇ. ಯೋಜನೆಗಳು ಕಡಿಮೆಯೇನಿಲ್ಲ. ಕಾಲೇಜು ಹಣ ಕೇಳುವುದು ಸೇರುವ ದಿನ, ಸರ್ಕಾರ ಕೊಡುವುದು ವರ್ಷದ ಕೊನೆಗೆ, ಕೆಲವೊಮ್ಮೆ ಮುಂದಿನ ವರ್ಷ. ನಡುವಿನ ಆ ಕಾಲವನ್ನು ಮನೆಯವರು ಬಂಗಾರ ಅಡ ಇಟ್ಟು, ಕೈಗಡ ತಂದು, ಮುಂದಿನ ಬೆಳೆಯ ಮೇಲೆ ದಲ್ಲಾಳಿಯ ಹತ್ತಿರ ಮುಂಗಡ ಎತ್ತಿ ತುಂಬುತ್ತಾರೆ. ಅದರ ಬಡ್ಡಿ ಯಾವ ಯೋಜನೆಯ ಲೆಕ್ಕಕ್ಕೂ ಬರುವುದಿಲ್ಲ. ಸ್ಕಾಲರ್‌ಶಿಪ್ ಕೈಗೆ ಬರುವ ಹೊತ್ತಿಗೆ ಅದರ ಒಂದು ಭಾಗ ಬಡ್ಡಿಗೇ ಹೋಗಿರುತ್ತದೆ.

ರೈತರ ಮಕ್ಕಳಿಗೆ ಇರುವುದು ಮುಖ್ಯಮಂತ್ರಿ ರೈತ ವಿದ್ಯಾನಿಧಿ. 2021ರಲ್ಲಿ ಬಸವರಾಜ ಬೊಮ್ಮಾಯಿಯವರು ಮುಖ್ಯಮಂತ್ರಿಯಾದ ಹೊಸತರಲ್ಲಿ ತಂದದ್ದು. ನರ್ಸಿಂಗ್, ಪ್ಯಾರಾಮೆಡಿಕಲ್ ಓದುವ ಹುಡುಗರಿಗೆ ವರ್ಷಕ್ಕೆ 7,500, ಹುಡುಗಿಯರಿಗೆ 8,000 ಎಂದು ಆಗ ಗೊತ್ತು ಮಾಡಿದ್ದರು. ಜಾತಿಯ ಸ್ಕಾಲರ್‌ಶಿಪ್ ಸಿಗದ ಮನೆಗಳಿಗೂ ಇದರಿಂದ ಸಿಕ್ಕಿದ್ದು ಸಣ್ಣ ಮಾತಲ್ಲ. ಆದರೆ ಇದಕ್ಕೆ ತಂದೆ ಅಥವಾ ತಾಯಿಯ ಹೆಸರಿನ ಎಫ್‌ಐಡಿ, ಅಂದರೆ ರೈತರ ಗುರುತಿನ ಸಂಖ್ಯೆ ಬೇಕು. ಎಫ್‌ಐಡಿ ಬೇಕೆಂದರೆ ಹೊಲದ ಉತಾರದಲ್ಲಿ ಅವರ ಹೆಸರಿರಬೇಕು. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಉತಾರ ಇನ್ನೂ ಅಜ್ಜನ ಹೆಸರಲ್ಲೇ ಇದೆ. ಅಜ್ಜ ತೀರಿಕೊಂಡು ವರ್ಷಗಳಾದರೂ ವಾರಸಾ ಆಗಿಲ್ಲ. ಅಣ್ಣತಮ್ಮಂದಿರು ಕೂತು ಮಾತಾಡಿಲ್ಲ, ಅಕ್ಕತಂಗಿಯರ ಸಹಿ ಆಗಿಲ್ಲ. ಹೊಲ ಉಳುವವನು ಇವನೇ, ಬೆಳೆಸಾಲ ತೀರಿಸುವವನು ಇವನೇ, ಆದರೂ ಕಂಪ್ಯೂಟರಿನ ಲೆಕ್ಕದಲ್ಲಿ ಇವನು ರೈತನಲ್ಲ. ಮಗಳ 8,000 ರೂಪಾಯಿಗಾಗಿ ವಾರಸಾ ಮಾಡಿಸಿಕೊಂಡ ಮನೆಗಳೂ ಇವೆ. ಪಂಚರು ಕೂತರೂ ಮುಗಿಯದ ವಾಟ್ನಿ ಸ್ಕಾಲರ್‌ಶಿಪ್ ಅರ್ಜಿಯ ಕೊನೆಯ ದಿನಾಂಕಕ್ಕೆ ಹೆದರಿ ಮುಗಿದದ್ದನ್ನು ಕಂಡು ನನಗೆ ನಗು ಬಂದಿದೆ.

ಹಿಂದುಳಿದ ವರ್ಗದವರಿಗೆ ಶುಲ್ಕದ ನೆರವಿಗಿಂತ ಬಿಸಿಎಂ ಹಾಸ್ಟೆಲೇ ದೊಡ್ಡ ಆಸರೆ ಎಂದು ನನ್ನ ಅನಿಸಿಕೆ. ಹಾಸ್ಟೆಲ್ ಸಿಗದವರಿಗೆ ವಿದ್ಯಾಸಿರಿ. 2013-14ರಲ್ಲಿ ಶುರುವಾದ ಯೋಜನೆ, ಆಗ ಗೊತ್ತು ಮಾಡಿದ್ದು ತಿಂಗಳಿಗೆ 1,500ರಂತೆ 10 ತಿಂಗಳು, ವರ್ಷಕ್ಕೆ 15,000. ವಿಜಯಪುರದಲ್ಲಿ ಒಂದು ರೂಮಿನ ಬಾಡಿಗೆ, ಊಟ ಎಂದು ಲೆಕ್ಕ ಹಾಕಿದರೆ ಇದು ಎಷ್ಟು ದಿನಕ್ಕೆ ಬಂದೀತು ಎಂದು ನೀವೇ ನೋಡಿ. “ಬಸ್ ಫ್ರೀ ಐತೆಲ್ರಿ, ದಿನಾ ಹೋಗಿಬರ್ತಾಳ” ಎನ್ನುವ ಅಪ್ಪಂದಿರಿದ್ದಾರೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಬಿಎ, ಬಿಕಾಂ ಓದುವ ಹುಡುಗಿಯರಿಗೆ ಅದು ನಿಜವಾಗಿ ದೊಡ್ಡ ಉಪಕಾರವೇ. ನರ್ಸಿಂಗ್ ಹಾಗಲ್ಲ. ಬೆಳಿಗ್ಗೆ ವಾರ್ಡಿನಲ್ಲಿ ಪೋಸ್ಟಿಂಗ್, ಮಧ್ಯಾಹ್ನ ಕ್ಲಾಸು, ಮುಂದಿನ ವರ್ಷಗಳಲ್ಲಿ ಸಂಜೆ ಮತ್ತು ರಾತ್ರಿ ಪಾಳಿ. ಮಮದಾಪುರದಿಂದ ಬಸ್ಸು ಹಿಡಿದು ಬೆಳಗಿನ ಡ್ಯೂಟಿಗೆ ಮುಟ್ಟುವುದು ದಿನಾ ನಡೆಯುವ ಮಾತಲ್ಲ. ಹಾಜರಿ ಕಡಿಮೆಯಾದರೆ ಪರೀಕ್ಷೆಯೂ ಇಲ್ಲ, ಸ್ಕಾಲರ್‌ಶಿಪ್ಪೂ ಇಲ್ಲ.

ಯೋಜನೆಗಳ ಪಟ್ಟಿಯಲ್ಲಿ ಎಲ್ಲೂ ಇಲ್ಲದ ಖರ್ಚುಗಳನ್ನು ಒಬ್ಬಳು ಶುಲ್ಕದ ರಸೀದಿಯ ಹಿಂಬದಿಗೆ ಬರೆದುಕೊಂಡು ಬಂದಿದ್ದಳು. ಎರಡು ಜೊತೆ ಯೂನಿಫಾರ್ಮು, ಬಿಳಿ ಬೂಟು, ಸ್ಟೆತಸ್ಕೋಪು, ಬಿಪಿ ನೋಡುವ ಯಂತ್ರ, ಸೆಕೆಂಡ್ ಮುಳ್ಳಿರುವ ಗಡಿಯಾರ, ಪ್ರೊಸೀಜರ್ ರೆಕಾರ್ಡು, ಲಾಗ್‌ಬುಕ್ಕು, ಹಳ್ಳಿ ಪೋಸ್ಟಿಂಗಿನ ಬ್ಯಾಗು, ದೀಪ ಬೆಳಗಿಸುವ ಕಾರ್ಯಕ್ರಮದ ವಂತಿಗೆ, ಪರೀಕ್ಷಾ ಶುಲ್ಕ. ಕೆಳಗೆ ಸಣ್ಣ ಅಕ್ಷರದಲ್ಲಿ ‘ಕನ್ನಡಕ’ ಎಂದೂ ಇತ್ತು. ಅದರ ಮುಂದೆ ಮೊತ್ತ ಬರೆದಿರಲಿಲ್ಲ. ಕೇಳಿದ್ದಕ್ಕೆ, “ಅದು ಆಮ್ಯಾಗ ನೋಡೋಣ್ರಿ ಅಕ್ಕಾ” ಅಂದಳು.

ಸಣ್ಣ ದಾರಿಗಳು ಇನ್ನೂ ಕೆಲವಿವೆ, ಕೇಳದೆ ಬಿಡಬಾರದು. ಅಪ್ಪ ಸೈನ್ಯದಲ್ಲಿದ್ದು ನಿವೃತ್ತರಾಗಿದ್ದರೆ ಕೇಂದ್ರೀಯ ಸೈನಿಕ ಮಂಡಳಿಯ ಪ್ರಧಾನಮಂತ್ರಿ ಸ್ಕಾಲರ್‌ಶಿಪ್ ಇದೆ. ಬಿಎಸ್ಸಿ ನರ್ಸಿಂಗ್‌ನಂಥ ವೃತ್ತಿಪರ ಪದವಿಗೆ ಹುಡುಗಿಯರಿಗೆ ತಿಂಗಳಿಗೆ 3,000, ಹುಡುಗರಿಗೆ 2,500. ಪಿಯುಸಿಯಲ್ಲಿ ಶೇ 60 ಇರಬೇಕು. ಅಪ್ಪನೋ ಅವ್ವನೋ ಗೌಂಡಿ ಕೆಲಸದಲ್ಲಿದ್ದು ಕಟ್ಟಡ ಕಾರ್ಮಿಕರ ಕಾರ್ಡು ಇದ್ದರೆ ಆ ಮಂಡಳಿಯ ಶೈಕ್ಷಣಿಕ ಸಹಾಯಧನ ಕೇಳಬಹುದು. ಅದರ ಮೊತ್ತ ಇತ್ತೀಚಿನ ವರ್ಷಗಳಲ್ಲಿ ಬದಲಾಗುತ್ತ ಬಂದಿದೆ, ಅರ್ಜಿ ಹಾಕುವ ವರ್ಷದ ಆದೇಶ ನೋಡಿಕೊಳ್ಳಿ. ಹತ್ತನೇ ತರಗತಿ, ಪಿಯುಸಿ ಎರಡನ್ನೂ ಸರ್ಕಾರಿ ಶಾಲೆ ಕಾಲೇಜುಗಳಲ್ಲಿ ಮುಗಿಸಿದ ಹುಡುಗಿಯರಿಗೆ ಅಜೀಂ ಪ್ರೇಮ್‌ಜಿ ಫೌಂಡೇಶನ್ನಿನ ವರ್ಷಕ್ಕೆ 30,000 ರೂಪಾಯಿಯ ನೆರವು 2025-26ರಲ್ಲಿ ಕರ್ನಾಟಕಕ್ಕೂ ಬಂತು. ಸರ್ಕಾರ ಅದನ್ನು ದೀಪಿಕಾ ಎಂಬ ಹೆಸರಿನಲ್ಲಿ ತಂದಿದೆ. ಸೈನಿಕರ ಮಕ್ಕಳದ್ದನ್ನು ಬಿಟ್ಟರೆ, ನಾನು ಕಂಡವುಗಳಲ್ಲಿ ಹುಡುಗಿಯ ಖರ್ಚಿಗೆ ಹತ್ತಿರ ಬರುವ ಮೊತ್ತವೆಂದರೆ ಇದೊಂದೇ.

ಬ್ಯಾಂಕಿನ ಸಾಲದ ಮಾತೆತ್ತಿದರೆ ನಮ್ಮ ಕಡೆಯವರು ಹಿಂದೆ ಸರಿಯುತ್ತಾರೆ. ಅಡವಿಲ್ಲದೆ 7.5 ಲಕ್ಷದವರೆಗೆ ಶಿಕ್ಷಣ ಸಾಲ ಸಿಗುತ್ತದೆ, ಕಂತು ಶುರುವಾಗುವುದು ಓದು ಮುಗಿದು ಒಂದು ವರ್ಷದ ಮೇಲೆ. ಮನೆಯ ಆದಾಯ 4.5 ಲಕ್ಷದೊಳಗಿದ್ದರೆ ಅಲ್ಲಿವರೆಗಿನ ಬಡ್ಡಿಯನ್ನು ಕೇಂದ್ರವೇ ಕಟ್ಟುವ ಯೋಜನೆಯೂ ಇದೆ. ಆದರೆ ಸಾಲದಲ್ಲಿ ಅಪ್ಪನೂ ಪಾಲುದಾರ. ಅವನ ಬೆಳೆಸಾಲ ಸುಸ್ತಿಯಾಗಿದ್ದರೆ ಮ್ಯಾನೇಜರರು ಸಿಬಿಲ್ ತೋರಿಸಿ ಫೈಲು ಮಡಚುತ್ತಾರೆ. 2024ರ ನವೆಂಬರ್‌ನಲ್ಲಿ ಬಂದ ಪಿಎಂ ವಿದ್ಯಾಲಕ್ಷ್ಮಿಗೆ ದೇಶದ ಆಯ್ದ ಸಂಸ್ಥೆಗಳಷ್ಟೇ (ಆಗ 860) ಅರ್ಹ. ಜಿಲ್ಲೆ, ತಾಲ್ಲೂಕು ಮಟ್ಟದ ಸಣ್ಣ ನರ್ಸಿಂಗ್ ಕಾಲೇಜುಗಳನ್ನು ಆ ಪಟ್ಟಿಯಲ್ಲಿ ಹುಡುಕಿ ಫಲವಿಲ್ಲ. ಅಲ್ಪಸಂಖ್ಯಾತರ ಮತ್ತು ಹಿಂದುಳಿದ ವರ್ಗಗಳ ನಿಗಮಗಳ ‘ಅರಿವು’ ಸಾಲಕ್ಕೆ ಬಡ್ಡಿ ಶೇ 2 ಮಾತ್ರ. ಅಲ್ಲಿಯೂ ಮೊದಲ ಪ್ರಶ್ನೆ ಸಿಇಟಿ ಬರೆದು ಬಂದ ಸೀಟೇ ಎಂಬುದು.

ಕಾಲೇಜಿಗೆ ಮಾನ್ಯತೆ ಇದೆಯೇ ಎಂಬುದಕ್ಕೂ ರೊಕ್ಕಕ್ಕೂ ಗಂಟು ಬಿದ್ದಿದೆ. 2017ರಲ್ಲಿ ನರ್ಸಿಂಗ್ ಕಾಲೇಜುಗಳಿಗೆ ಭಾರತೀಯ ನರ್ಸಿಂಗ್ ಪರಿಷತ್ತಿನ ಮಾನ್ಯತೆ ಬೇಕೋ, ರಾಜ್ಯದ ಪರಿಷತ್ತಿನದು ಸಾಕೋ ಎಂದು ಕರ್ನಾಟಕದಲ್ಲಿ ಜಗಳ ಎದ್ದು, ಭಾರತೀಯ ಪರಿಷತ್ತಿನ ಪಟ್ಟಿಯಿಂದ ಇಲ್ಲಿನ ಕಾಲೇಜುಗಳ ಹೆಸರು ಹೋದಾಗ, ಕೇರಳದಿಂದ ಬಂದು ಓದುತ್ತಿದ್ದವರು ಮೊದಲು ಹೆದರಿದ್ದು ಬ್ಯಾಂಕ್ ಸಾಲದ ಬಗ್ಗೆ. ಲ್ಯಾಬ್, ಎಕ್ಸ್‌ರೇ, ಒಟಿ ಟೆಕ್ನಿಷಿಯನ್ ಕೋರ್ಸುಗಳಲ್ಲಿ ಗೊಂದಲ ಇನ್ನೂ ಹೆಚ್ಚು. ಇವುಗಳಿಗೆಂದು ರಾಷ್ಟ್ರೀಯ ಆಯೋಗದ ಕಾನೂನು ಬಂದದ್ದೇ 2021ರಲ್ಲಿ. ಪದವಿಯಾದರೆ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಅಥವಾ ಅಂಥದೇ ವಿಶ್ವವಿದ್ಯಾಲಯದ ಪಟ್ಟಿಯಲ್ಲಿ, ಡಿಪ್ಲೊಮಾ ಆದರೆ ರಾಜ್ಯ ಪ್ಯಾರಾಮೆಡಿಕಲ್ ಮಂಡಳಿಯ ಪಟ್ಟಿಯಲ್ಲಿ ಕಾಲೇಜಿನ ಹೆಸರು ಇರಬೇಕು. ಆರು ತಿಂಗಳಲ್ಲಿ ನರ್ಸ್ ಮಾಡುತ್ತೇವೆ ಎಂದು ಬೋರ್ಡು ಹಾಕಿದ ಜಾಗಕ್ಕೆ ಎಸ್‌ಎಸ್‌ಪಿಯಲ್ಲಿ ಹೆಸರೇ ಇರುವುದಿಲ್ಲ. ವಿಜಯಪುರದಲ್ಲೇ ನೋಡಿ, ಫ.ಗು. ಹಳಕಟ್ಟಿಯವರು 1910ರಲ್ಲಿ ಹುಟ್ಟುಹಾಕಿದ ಬಿಎಲ್‌ಡಿಇ ಸಂಸ್ಥೆಯಂಥದು ಮೆಡಿಕಲ್ ಕಾಲೇಜು, ಆಸ್ಪತ್ರೆ, ನರ್ಸಿಂಗ್ ಕಾಲೇಜು ಎಲ್ಲ ನಡೆಸುತ್ತದೆ. ದೂರದ ಶಹರದ ಹೆಸರಿಗೆ ಮರುಳಾಗುವ ಮುಂಚೆ ಹತ್ತಿರ ಏನಿದೆ ಎಂದು ವಿಚಾರಿಸುವುದಕ್ಕೆ ಖರ್ಚೇನೂ ಇಲ್ಲ.

ಇದು ನಮ್ಮ ಹಳ್ಳಿಯ ಗೋಳು ಮಾತ್ರವಲ್ಲ. ನಮ್ಮಲ್ಲಿ ಪಾಸ್‌ಪೋರ್ಟ್ ಅರ್ಜಿ ತುಂಬಿಸಲು ಬಂದ ಒಬ್ಬ ಸ್ಟಾಫ್ ನರ್ಸ್ ಇಂಗ್ಲೆಂಡಿನ ಸುದ್ದಿ ಹೇಳಿದ ಮೇಲೆ ಹುಡುಕಿ ಓದಿದೆ. ಅಲ್ಲಿ ನರ್ಸಿಂಗ್ ವಿದ್ಯಾರ್ಥಿಗಳಿಗೆ ಶುಲ್ಕವನ್ನೂ ಖರ್ಚಿನ ಹಣವನ್ನೂ ಸರ್ಕಾರ ಕೊಡುತ್ತಿತ್ತು. 2017ರಲ್ಲಿ ಅದನ್ನು ನಿಲ್ಲಿಸಿ ಎಲ್ಲರೂ ಸಾಲ ತಗೊಳ್ಳಿ ಎಂದರು. ಆ ವರ್ಷ ಅರ್ಜಿ ಹಾಕುವವರಲ್ಲಿ ಸುಮಾರು ಐದನೇ ಒಂದು ಪಾಲು ಇಳಿಯಿತು. ಕೊನೆಗೆ 2020ರ ಸೆಪ್ಟೆಂಬರಿನಿಂದ ವರ್ಷಕ್ಕೆ 5,000 ಪೌಂಡು, ತಿರುಗಿ ಕೊಡಬೇಕಿಲ್ಲ ಎಂದು ಮತ್ತೆ ಶುರು ಮಾಡಿದರು. ಅಷ್ಟು ಶ್ರೀಮಂತ ದೇಶದಲ್ಲೂ ವಾರ್ಡಿನಲ್ಲಿ ದುಡಿಯುತ್ತ ಓದುವವರು ಕೈಖರ್ಚಿಗೆ ಬೇರೆ ಕೆಲಸ ಹುಡುಕಲಾರರು ಎಂಬುದು ಮೂರು ವರ್ಷದಲ್ಲಿ ಗೊತ್ತಾಯಿತು. ನಮ್ಮಲ್ಲಿ ಕೇಂದ್ರ ಸರ್ಕಾರ 2023ರಲ್ಲಿ 1,570 ಕೋಟಿ ರೂಪಾಯಿಗೆ 157 ಹೊಸ ನರ್ಸಿಂಗ್ ಕಾಲೇಜು ಎಂದು ಘೋಷಿಸಿತು. ಕಟ್ಟಡ ಬೇಕು, ಬೇಡವೆನ್ನುವುದಿಲ್ಲ. ಸೇರುವ ದಿನವೇ ಹುಡುಗಿಯ ಹೆಸರಿಗೆ ಒಂದು ಕಂತು ಬರುವಂತಾದರೆ ಬಂಗಾರ ಮನೆಯಲ್ಲೇ ಉಳಿದೀತು.

ಕಾಗದದ ಗೊಂದಲ ಹೇಳದಿದ್ದರೆ ನನ್ನ ಕಸುಬಿಗೆ ಮೋಸ. ಆಧಾರ್‌ನಲ್ಲಿ ‘ಬಸಮ್ಮ’, ಎಸ್ಸೆಸ್ಸೆಲ್ಸಿ ಕಾರ್ಡಿನಲ್ಲಿ ‘ಬಸವ್ವ’. ಎಸ್‌ಎಸ್‌ಪಿ ಇವರನ್ನು ಇಬ್ಬರೆಂದು ತಿಳಿಯುತ್ತದೆ. ಹತ್ತನೇ ತರಗತಿಯಲ್ಲಿರುವಾಗಲೇ ಆಧಾರ್ ತಿದ್ದಿಸಿಕೊಳ್ಳಿ. ಹಣ ಬರುವುದು ಪಾಸ್‌ಬುಕ್ ನಂಬರಿಗಲ್ಲ, ಆಧಾರ್ ಕೊನೆಯದಾಗಿ ಜೋಡಣೆಯಾದ ಖಾತೆಗೆ. ಯಾವಾಗಲೋ ಸಿಮ್ ಕೊಳ್ಳುವಾಗ ತೆರೆದ ಖಾತೆಗೆ ಹೋಗಿ ಕೂತ ಸ್ಕಾಲರ್‌ಶಿಪ್ಪನ್ನು ನಾನು ಹುಡುಕಿಕೊಟ್ಟಿದ್ದೇನೆ. ಗ್ರಾಮೀಣ ಬ್ಯಾಂಕುಗಳು 2025ರ ಮೇ ತಿಂಗಳಲ್ಲಿ ಒಂದಾದಾಗ ಐಎಫ್‌ಎಸ್‌ಸಿ ಬದಲಾಯಿತೆಂದು ಓಡಿಬಂದವರಿಗೂ ಇದೇ ಹೇಳಿದ್ದೆ: ಆಧಾರ್ ಜೋಡಣೆ ಸರಿಯಿದ್ದರೆ ಅದಕ್ಕೆ ಹೆದರಬೇಡಿ.

ಮೊನ್ನೆ ಒಬ್ಬರು ಎರಡನೇ ಮಗಳನ್ನು ಕರೆತಂದಿದ್ದರು. ದೊಡ್ಡವಳು ನರ್ಸಿಂಗ್ ಮೂರನೇ ವರ್ಷ, ಸಣ್ಣವಳಿಗೆ ಸಿಇಟಿಯಲ್ಲೇ ನರ್ಸಿಂಗ್ ಸೀಟು ಸಿಕ್ಕಿದೆ. ಈ ಸಲ ಜನವರಿಯಲ್ಲಿ ಅಕ್ಕನೇ ಹಾಸ್ಟೆಲಿನಿಂದ ಫೋನ್ ಮಾಡಿ ಅರ್ಜಿ ಹಾಕಿಸಿದ್ದಳಂತೆ.

“ದೊಡ್ಡಾಕಿದು ಇನ್‌ಕಮ್ ಸರ್ಟಿಫಿಕೇಟ್ ಐತ್ರಿ, ಇಕಿಗೂ ಅದ ನಡೀತೈತಿ?”

“ಇಲ್ರಿ, ಇಕಿ ಹೆಸರಿಲೆ ಬ್ಯಾರೆ ಬೇಕು. ಇವತ್ತ ನಾಡ ಕಚೇರಿಗೆ ಅರ್ಜಿ ಕೊಟ್ಟ ಹೋಗ್ರಿ. ಹೆಸರು ಆಧಾರ್‌ದಾಗ ಹ್ಯಾಂಗೈತಿ ಹಂಗ ಬರಸ್ರಿ.”